ನೋವು ನಿಜ ಅಂತ ಸಾಬೀತು ಮಾಡೋದು ರೋಗಿಯ ಕೆಲಸವಲ್ಲ: ಆಸ್ಪತ್ರೆಯಲ್ಲಿ ವರ್ಣಭೇದ ಎದುರಿಸುವುದು ಹೇಗೆ?

ನಾನು ನರ್ಸ್. ಒಂದು ರಾತ್ರಿ ಡ್ಯೂಟಿ ಇವತ್ತಿಗೂ ಕಣ್ಣ ಮುಂದೆ ಇದೆ. ಐವತ್ತು ದಾಟಿದ ಹೆಂಗಸು, ಕಡುಕಪ್ಪು ಮೈಬಣ್ಣ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಎರಡೂ ಕೈ ಮೊಣಕಾಲಿಗೆ ಊರಿಕೊಂಡು ಕೂತಿದ್ದರು. ಮೂರು ಮಾತು ಆಡಿದರೆ ಒಮ್ಮೆ ನಿಲ್ಲಿಸಿ ಉಸಿರು ಎಳೆದುಕೊಳ್ಳಬೇಕಿತ್ತು. ಬೆರಳಿಗೆ ಹಾಕಿದ ಆಕ್ಸಿಮೀಟರ್ ಮಾತ್ರ 95 ತೋರಿಸುತ್ತಿತ್ತು. "ಗಾಬರಿ ಜಾಸ್ತಿ, ಬೇರೇನಿಲ್ಲ" ಅಂತ ಹಿಂದಿನ ಶಿಫ್ಟಿನವರು ಹೇಳಿ ಹೋಗಿದ್ದರು. ನಾನೂ ಆ 95ನ್ನೇ ನಂಬಿ ಅರ್ಧ ಗಂಟೆ ಬೇರೆ ರೋಗಿಗಳ ಕಡೆ ಓಡಾಡಿದೆ. ಆಮೇಲೆ ಮನಸ್ಸು ತಡೆಯದೆ ಡಾಕ್ಟರನ್ನು ಕರೆದು ಬ್ಲಡ್ ಗ್ಯಾಸ್ (ರಕ್ತದಲ್ಲಿರುವ ಆಕ್ಸಿಜನ್ ನೇರವಾಗಿ ಅಳೆಯುವ ಪರೀಕ್ಷೆ) ಮಾಡಿಸಿದಾಗ ಬಂದದ್ದು 86. ಆ ಹೆಂಗಸು ಸಂಜೆಯಿಂದ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು, "ಉಸಿರು ಸಾಲ್ತಿಲ್ಲ" ಅಂತ.

ಅವರನ್ನು ಯಾರೂ ಬೈದಿರಲಿಲ್ಲ. ಯಾರೂ ಬಣ್ಣದ ಮಾತೆತ್ತಿರಲಿಲ್ಲ. ಆದರೂ ಅವರಿಗೆ ಆಕ್ಸಿಜನ್ ಸಿಗೋದು ಗಂಟೆಗಟ್ಟಲೆ ತಡವಾಯಿತು. ರೋಗಿಗಳಿಗೆ, ಜೊತೆಗೆ ಬರುವವರಿಗೆ, ನನ್ನಂತೆ ಆಸ್ಪತ್ರೆಯೊಳಗೆ ಕೆಲಸ ಮಾಡುವವರಿಗೆ, ಏನು ಮಾಡಬಹುದು ಅಂತ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಬೈಗುಳವನ್ನಷ್ಟೇ ಹುಡುಕಬೇಡಿ

ವರ್ಣಭೇದ ಅಂದ ತಕ್ಷಣ ಬಣ್ಣ ಹಿಡಿದು ಹಂಗಿಸುವುದೇ ನೆನಪಾಗುತ್ತದೆ, ಅಲ್ವಾ? ಅದೂ ಇದೆ. ಆದರೆ ಅದು ಕಿವಿಗೆ ಬೀಳುತ್ತದೆ, ಹಾಗಾಗಿ ಹಿಡಿಯೋದು ಸುಲಭ. ಕಿವಿಗೆ ಬೀಳದ ವರ್ಣಭೇದ ಯಂತ್ರದಲ್ಲಿ, ಲೆಕ್ಕದ ಸೂತ್ರದಲ್ಲಿ, ನಾವು ಕಲಿತ ಪಾಠದಲ್ಲಿ ಕೂತಿರುತ್ತದೆ.

ಆಕ್ಸಿಮೀಟರನ್ನೇ ತೆಗೆದುಕೊಳ್ಳಿ. ಅದು ಬೆರಳಿನ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕು ಆಚೆ ಬಂತು ಅಂತ ನೋಡಿ ಆಕ್ಸಿಜನ್ ಲೆಕ್ಕ ಹಾಕುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕನ್ನು ಹೀರಿಕೊಳ್ಳುತ್ತದೆ. 2020ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಈ ಯಂತ್ರದ ಅಂಕಿಯನ್ನೂ ರಕ್ತಪರೀಕ್ಷೆಯ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಯಂತ್ರ 92ರಿಂದ 96ರವರೆಗೆ ತೋರಿಸುತ್ತಿರುವಾಗ ರಕ್ತದಲ್ಲಿ ನಿಜಕ್ಕೂ 88ಕ್ಕಿಂತ ಕಡಿಮೆ ಇದ್ದ ಸಂದರ್ಭಗಳು ಬಿಳಿಯರಲ್ಲಿ ಶೇ. 3.6, ಕಪ್ಪು ವರ್ಣೀಯರಲ್ಲಿ ಶೇ. 11.7. ಅಂದರೆ ಮೂರು ಪಟ್ಟಿಗಿಂತ ಜಾಸ್ತಿ. ಅದೂ ಕೋವಿಡ್ ಕಾಲದಲ್ಲಿ, ಯಾರನ್ನು ಅಡ್ಮಿಟ್ ಮಾಡಬೇಕು, ಯಾರನ್ನು ಮನೆಗೆ ಕಳಿಸಬೇಕು ಅಂತ ಇದೇ ಅಂಕಿ ನೋಡಿ ತೀರ್ಮಾನ ಆಗುತ್ತಿದ್ದ ಹೊತ್ತಿನಲ್ಲಿ.

ಕಿಡ್ನಿಯ ಲೆಕ್ಕವೂ ಹೀಗೇ. ರಕ್ತದ ಕ್ರಿಯಾಟಿನಿನ್ ನೋಡಿ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಂದಾಜು ಮಾಡುವ ಸೂತ್ರ ಇದೆ. 2009ರ ಸೂತ್ರದಲ್ಲಿ, ರೋಗಿ ಕಪ್ಪು ವರ್ಣೀಯ ಅಂತಾದರೆ ಬಂದ ಉತ್ತರವನ್ನು 1.159ರಿಂದ ಗುಣಿಸಬೇಕಿತ್ತು. ಕಾಗದದ ಮೇಲೆ ಕಿಡ್ನಿ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಹಾಗೆ ಕಂಡರೆ ತಜ್ಞರ ಹತ್ತಿರ ಕಳಿಸೋದು ತಡ, ಕಸಿಯ ಕಾಯುವ ಪಟ್ಟಿಗೆ ಹೆಸರು ಸೇರೋದೂ ತಡ. 2021ರಲ್ಲಿ ಅಮೆರಿಕದ ಕಿಡ್ನಿ ತಜ್ಞರ ಸಂಸ್ಥೆಗಳು ಆ ಗುಣಾಕಾರವನ್ನು ತೆಗೆದುಹಾಕಿ ಹೊಸ ಸೂತ್ರ ಬಳಸಿ ಅಂದವು. ಹನ್ನೆರಡು ವರ್ಷ ಅದು ಲ್ಯಾಬ್ ರಿಪೋರ್ಟಿನಲ್ಲಿ ಸುಮ್ನೆ ಕೂತಿತ್ತು. ಅದರ ಹಿಂದಿನ ಸೂತ್ರದಲ್ಲೂ ಇಂಥದೇ ಗುಣಾಕಾರ ಇತ್ತು.

ಇನ್ನು ತಲೆಯೊಳಗಿನದು. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಪ್ರಶ್ನೆ ಕೇಳಿದರು. ಸುಮಾರು ಅರ್ಧದಷ್ಟು ಜನ, "ಕಪ್ಪು ವರ್ಣೀಯರ ಚರ್ಮ ಬಿಳಿಯರದ್ದಕ್ಕಿಂತ ದಪ್ಪ" ಎಂಬಂಥ ಸುಳ್ಳು ಮಾತುಗಳಲ್ಲಿ ಒಂದನ್ನಾದರೂ ನಿಜ ಅಂತ ಒಪ್ಪಿದರು. ಹಾಗೆ ಒಪ್ಪಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂತ ಅಂದಾಜು ಮಾಡಿದರು, ಚಿಕಿತ್ಸೆಯ ಸಲಹೆಯಲ್ಲೂ ತಪ್ಪಿದರು. ಇವರು ಕೆಟ್ಟ ಜನ ಅಂತ ನಾನು ಹೇಳುತ್ತಿಲ್ಲ. ಓದಿದವರು, ರಾತ್ರಿ ನಿದ್ದೆಗೆಟ್ಟು ದುಡಿಯುವವರು. ಅದಕ್ಕೇ ಇದು ಭಯ ಹುಟ್ಟಿಸುವುದು.

ಹಾಗಾಗಿ "ನಮ್ಮಲ್ಲಿ ಯಾರೂ ಹಾಗಿಲ್ಲ" ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡಿ. ಯಾರು ಎಂಥವರು ಅಂತ ಕೇಳುವ ಬದಲು ಯಾರಿಗೆ ಏನು ತಡವಾಯಿತು ಅಂತ ಕೇಳಿ.

ನೀವು ರೋಗಿಯಾಗಿದ್ದರೆ

ಕಾಯಿಲೆ ಬಿದ್ದವರ ಮೇಲೆ ಈ ಭಾರ ಹಾಕೋದು ತಪ್ಪು ಅಂತ ನನಗೆ ಗೊತ್ತು. ಆದರೆ ವ್ಯವಸ್ಥೆ ಸರಿಹೋಗುವ ತನಕ ಕಾಯೋಕೆ ಆಗೋದಿಲ್ಲ. ಅದಕ್ಕೇ ಇವನ್ನು ಹೇಳುತ್ತಿದ್ದೇನೆ.

ಹೋಗುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಏನಾಗುತ್ತಿದೆ, ಯಾವಾಗಿನಿಂದ, ಮೊದಲು ಏನು ಮಾಡಲು ಆಗುತ್ತಿತ್ತು, ಈಗ ಏನು ಆಗುತ್ತಿಲ್ಲ. "ತುಂಬಾ ನೋವು" ಅನ್ನುವ ಮಾತು ಗಾಳಿಗೆ ಹೋಗುತ್ತದೆ. "ನಿನ್ನೆ ಮೆಟ್ಟಿಲು ಹತ್ತುತ್ತಿದ್ದೆ, ಇವತ್ತು ಬಚ್ಚಲಿಗೆ ಹೋಗೋಕೂ ಗೋಡೆ ಹಿಡಿಯಬೇಕು" ಅಂದರೆ ಕೇಳಿದವರು ಬರೆದುಕೊಳ್ಳುತ್ತಾರೆ. ಮಾತ್ರೆಗಳ ಹೆಸರು, ಅಲರ್ಜಿ ಅದೇ ಚೀಟಿಯಲ್ಲಿರಲಿ.

ನಿಮ್ಮ ಮಾತನ್ನು ತಳ್ಳಿಹಾಕುತ್ತಿದ್ದಾರೆ ಅನ್ನಿಸಿದರೆ ಮೂರು ಪ್ರಶ್ನೆ ಕೇಳಿ. ದನಿ ಏರಿಸಬೇಕಾಗಿಲ್ಲ. "ಇದು ಬೇರೆ ಏನಿರಬಹುದು?" "ಆ ದೊಡ್ಡ ಕಾಯಿಲೆ ಅಲ್ಲ ಅಂತ ನೀವು ಹೇಗೆ ಖಚಿತ ಮಾಡಿಕೊಂಡಿರಿ?" ಮೂರನೆಯದು ಎಲ್ಲಕ್ಕಿಂತ ಗಟ್ಟಿ: "ನಾನು ಈ ಪರೀಕ್ಷೆ ಕೇಳಿದೆ, ನೀವು ಬೇಡ ಅಂದಿರಿ, ಯಾಕೆ ಅಂತ ದಯವಿಟ್ಟು ನನ್ನ ಫೈಲಿನಲ್ಲಿ ಬರೆಯಿರಿ." ಈ ಮಾತು ಕೇಳಿ ಪೆನ್ನು ಕೆಳಗಿಟ್ಟು ಮತ್ತೊಮ್ಮೆ ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರನ್ನು ನಾನೇ ನೋಡಿದ್ದೇನೆ. ಬರೆಯಬೇಕು ಅಂದಾಗ ಯಾರಾದರೂ ಎರಡನೇ ಸಲ ಯೋಚಿಸುತ್ತಾರೆ.

ಮೈಬಣ್ಣ ಕಪ್ಪು ಅಥವಾ ಕಂದಾಗಿದ್ದು ಉಸಿರಿನ ತೊಂದರೆ ಇದ್ದರೆ ಆಕ್ಸಿಮೀಟರಿನ ಒಂದು ಅಂಕಿಗೆ ಸಮಾಧಾನ ಪಡಬೇಡಿ. ದಿನಕ್ಕೆ ಕೆಲವು ಸಲ ನೋಡಿ ಬರೆದಿಡಿ, ಇಳಿಯುತ್ತಿದೆಯಾ ಅಂತ ನೋಡಿ. ನಿನ್ನೆ 98 ಇದ್ದದ್ದು ಇವತ್ತು 94 ಆಗಿದ್ದರೆ ಅದು ಸುದ್ದಿಯೇ. ಅಂಕಿ ಚೆನ್ನಾಗಿದ್ದರೂ ಮಾತಾಡಲು ಏದುಸಿರು ಬರುತ್ತಿದ್ದರೆ ತಡಮಾಡದೆ ಎಮರ್ಜೆನ್ಸಿಗೆ ಹೋಗಿ.

ಜೊತೆಗೆ ಹೋಗುವವರಾಗಿದ್ದರೆ

ಸಾಧ್ಯವಾದರೆ ಯಾರನ್ನಾದರೂ ಕರೆದುಕೊಂಡೇ ಹೋಗಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಜೊತೆಯವರ ಕೆಲಸ ಜಗಳ ಮಾಡೋದಲ್ಲ, ನೋಡೋದು ಮತ್ತು ಬರೆಯೋದು. ಎಷ್ಟು ಗಂಟೆಗೆ ಬಂದಿರಿ, ಎಷ್ಟು ಗಂಟೆಗೆ ನೋವಿಗೆ ಮಾತ್ರೆ ಕೇಳಿದಿರಿ, ಎಷ್ಟಕ್ಕೆ ಸಿಕ್ಕಿತು, ಯಾರು ಏನಂದರು. ಸಿಕಲ್ ಸೆಲ್ ಕಾಯಿಲೆಯ (ಕಪ್ಪು ವರ್ಣೀಯರಲ್ಲಿ ಹೆಚ್ಚಾಗಿ ಕಾಣುವ, ತೀವ್ರ ನೋವು ಕೊಡುವ ಆನುವಂಶಿಕ ರಕ್ತದ ಕಾಯಿಲೆ) ನೋವು ಬಂದವರಿಗೆ ಈ ಗಡಿಯಾರ ಎಷ್ಟು ಮುಖ್ಯ ಅಂದರೆ, ಬ್ರಿಟನ್ನಿನ 2012ರ ಮಾರ್ಗಸೂಚಿಯ ಪ್ರಕಾರ ಅವರು ಆಸ್ಪತ್ರೆಗೆ ಬಂದ 30 ನಿಮಿಷದೊಳಗೆ ನೋವಿನ ಔಷಧಿ ಕೊಡಬೇಕು. ಅಲ್ಲೇ ಎಷ್ಟೋ ರೋಗಿಗಳನ್ನು "ಮತ್ತಿಗಾಗಿ ಬಂದವರು" ಅಂತ ಅನುಮಾನದಿಂದ ನೋಡಿ ಕಾಯಿಸಿದ್ದಾರೆ. ಗಡಿಯಾರ ನೋಡಿ ಬರೆದ ಚೀಟಿ ಇದ್ದರೆ ಆ ಅನುಮಾನಕ್ಕೆ ಉತ್ತರ ಸಿಗುತ್ತದೆ.

ರೋಗಿ ಆಯಾಸದಿಂದ ಮಾತು ಬಿಟ್ಟಾಗ ನೀವು ಹೇಳಬೇಕಾದದ್ದು ಒಂದೇ: "ಇವರು ಯಾವಾಗಲೂ ಹೀಗಿರೋದಿಲ್ಲ." ಇದನ್ನು ಮನೆಯವರಲ್ಲದೆ ಬೇರೆ ಯಾರೂ ಹೇಳೋಕಾಗೋದಿಲ್ಲ.

ಕಪ್ಪು, ಕಂದು ಚರ್ಮ ಓದೋದು ಕಲಿಯಿರಿ

ಇದು ನನ್ನ ಜೊತೆ ಕೆಲಸ ಮಾಡುವವರಿಗೆ. ಪಠ್ಯಪುಸ್ತಕದಲ್ಲಿ "ಚರ್ಮ ಕೆಂಪಾಗುತ್ತದೆ", "ತುಟಿ ನೀಲಿಯಾಗುತ್ತದೆ", "ಮುಖ ಬಿಳಿಚಿಕೊಳ್ಳುತ್ತದೆ" ಅಂತ ಓದಿ ಪಾಸಾದೆವು. ಎಲ್ಲವೂ ಬಿಳಿ ಚರ್ಮದ ಮೇಲೆ ಕಾಣುವ ಬಣ್ಣ. ಲಂಡನ್ನಿನ ಸೇಂಟ್ ಜಾರ್ಜ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಲೋನ್ ಮುಕ್ವೆಂಡೆ ಎಂಬ ವಿದ್ಯಾರ್ಥಿ ಇದನ್ನೇ ಪ್ರಶ್ನೆ ಮಾಡಿ, ತನ್ನ ಅಧ್ಯಾಪಕರ ಜೊತೆ ಸೇರಿ, ಕಪ್ಪು ಮತ್ತು ಕಂದು ಚರ್ಮದಲ್ಲಿ ರೋಗಲಕ್ಷಣ ಹೇಗೆ ಕಾಣುತ್ತದೆ ಎಂದು ಚಿತ್ರ ಸಮೇತ ತೋರಿಸುವ ಕೈಪಿಡಿಯೊಂದನ್ನು 2020ರಲ್ಲಿ ಹೊರತಂದ. ಒಬ್ಬ ವಿದ್ಯಾರ್ಥಿ ಅಷ್ಟು ಮಾಡಿದ ಮೇಲೆ ನಾವು ಕಣ್ಣು ಪಳಗಿಸಿಕೊಳ್ಳಬೇಕಲ್ಲವೇ?

ಆಕ್ಸಿಜನ್ ಕಡಿಮೆ ಅನ್ನಿಸಿದರೆ ಮುಖದ ಚರ್ಮ ನೋಡಿ ಬಿಟ್ಟುಬಿಡಬೇಡಿ. ನಾಲಿಗೆ, ವಸಡು, ತುಟಿಯ ಒಳಭಾಗ, ಉಗುರಿನ ಬುಡ ನೋಡಿ, ಅಲ್ಲಿ ನೀಲಿಗಿಂತ ಬೂದು ಬಣ್ಣ ಕಾಣಬಹುದು. ರಕ್ತ ಕಡಿಮೆ ಇದೆಯಾ ಅಂತ ನೋಡಲು ಕೆಳರೆಪ್ಪೆ ಜಗ್ಗಿ ಒಳಗೆ ನೋಡಿ, ಅಂಗೈ ನೋಡಿ. ಕಾಮಾಲೆಗೆ ಕಣ್ಣಿನ ಬಿಳಿ ಭಾಗ ನೋಡಿ. ಚರ್ಮದ ಸೋಂಕಾಗಲಿ, ಹಾಸಿಗೆ ಹುಣ್ಣಿನ ಶುರುವಾಗಲಿ, ಕೆಂಪಾಗಲಿ ಅಂತ ಕಾಯಬೇಡಿ. ಕೈಯ ಹಿಂಭಾಗ ಇಟ್ಟು ಬಿಸಿ ಇದೆಯಾ ನೋಡಿ, ಪಕ್ಕದ ಚರ್ಮಕ್ಕಿಂತ ಗಟ್ಟಿಯಾಗಿದೆಯಾ, ಊದಿದೆಯಾ, ಮುಟ್ಟಿದರೆ ನೋಯುತ್ತಾ ಕೇಳಿ. ಕಡುಬಣ್ಣದ ಚರ್ಮದಲ್ಲಿ ಆ ಜಾಗ ನೇರಳೆ ಅಥವಾ ಇನ್ನೂ ಕಪ್ಪಗೆ ಕಾಣಬಹುದು. ಬಣ್ಣ ತಿಳಿಯದಿದ್ದರೆ ಮನೆಯವರನ್ನೇ ಕೇಳಿ, "ಇವರ ಬಣ್ಣ ಮಾಮೂಲಿನ ಹಾಗೇ ಇದೆಯಾ?" ಅಂತ. ಅವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಎಳೆಮಕ್ಕಳ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಹುಟ್ಟಿದ ಮಗುವಿಗೆ ಹಾಕುವ ಆಪ್ಗಾರ್ ಅಂಕ 1953ರಿಂದ ಬಳಕೆಯಲ್ಲಿದೆ. ಅದರಲ್ಲಿ ಮೈಯೆಲ್ಲ ಗುಲಾಬಿ ಇದ್ದರೆ ಬಣ್ಣಕ್ಕೆ ಪೂರ್ತಿ 2 ಅಂಕ. ಕಪ್ಪು ಮಗು ಹೇಗೆ ಗುಲಾಬಿಯಾಗುತ್ತದೆ? ಬಾಯಿಯ ಒಳಗೆ, ಅಂಗೈ, ಅಂಗಾಲು ನೋಡಿ, ಉಸಿರು ಮತ್ತು ಹೃದಯದ ಬಡಿತಕ್ಕೆ ಜಾಸ್ತಿ ಬೆಲೆ ಕೊಡಿ. ಇನ್ನೊಂದು, ಕಂದು ಮತ್ತು ಕಪ್ಪು ಮಕ್ಕಳ ಬೆನ್ನಿನ ಕೆಳಗೆ, ಕುಂಡೆಯ ಮೇಲೆ ಹುಟ್ಟುತ್ತಲೇ ನೀಲಿ ಬೂದು ಕಲೆ ಇರೋದು ಮಾಮೂಲು. ಅದು ನೋಯೋದಿಲ್ಲ, ಕೆಲವು ವರ್ಷಗಳಲ್ಲಿ ತಾನೇ ಮಾಸುತ್ತದೆ. ಅದನ್ನು ಏಟಿನ ಗುರುತು ಅಂದುಕೊಂಡು ತಂದೆ ತಾಯಿಯನ್ನು ಅನುಮಾನಿಸಿದ್ದುಂಟು. ಹುಟ್ಟಿದ ದಿನವೇ ಎಲ್ಲಿದೆ, ಎಷ್ಟು ದೊಡ್ಡದು ಅಂತ ಫೈಲಿನಲ್ಲಿ ಚಿತ್ರ ಬರೆದು ಗುರುತು ಮಾಡಿ. ಎರಡು ನಿಮಿಷದ ಕೆಲಸ ಒಂದು ಮನೆಯನ್ನು ಕಾಪಾಡುತ್ತದೆ.

ಹಣೆಪಟ್ಟಿ ದಾಟಿಸಬೇಡಿ

ಶಿಫ್ಟ್ ಬದಲಾಗುವಾಗ ಹೇಳುವ ಒಂದು ಮಾತು ರೋಗಿಯ ಜೊತೆ ಮೂರು ದಿನ ನಡೆಯುತ್ತದೆ. "ಸುಮ್ನೆ ಕೂಗಾಡ್ತಾರೆ." "ಅವರ ಕಡೆಯವರು ಹಾಗೇ." "ಮಾತು ಕೇಳಲ್ಲ." ಮುಂದಿನವರು ರೋಗಿಯ ಮುಖ ನೋಡುವ ಮೊದಲೇ ತೀರ್ಮಾನ ಮಾಡಿರುತ್ತಾರೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 2020ರ ಸೆಪ್ಟೆಂಬರ್ 28ರಂದು ಜಾಯ್ಸ್ ಎಶಾಕ್ವಾನ್ ತೀರಿಕೊಂಡರು. ಅಟಿಕಮೆಕ್ವ್ ಎಂಬ ಮೂಲನಿವಾಸಿ ಸಮುದಾಯದವರು, 37 ವರ್ಷ, ಏಳು ಮಕ್ಕಳ ತಾಯಿ. ಹೊಟ್ಟೆನೋವು ಅಂತ ಬಂದಿದ್ದರು. ಮಾದಕ ವಸ್ತು ಬಿಟ್ಟಿದ್ದರಿಂದ ಹೀಗಾಡುತ್ತಿದ್ದಾರೆ ಅಂತ ಸಿಬ್ಬಂದಿ ಅಂದುಕೊಂಡರು. ಅದಕ್ಕೆ ಆಧಾರ ಇರಲಿಲ್ಲ. ಹಾಸಿಗೆಯಿಂದಲೇ ಅವರು ಫೋನಿನಲ್ಲಿ ನೇರಪ್ರಸಾರ ಮಾಡಿದ ವಿಡಿಯೋದಲ್ಲಿ ಸಿಬ್ಬಂದಿ ಅವರನ್ನು ಹೀಯಾಳಿಸುವುದು ಕೇಳಿಸುತ್ತದೆ. ತನಿಖೆ ಮಾಡಿದ ಅಧಿಕಾರಿ 2021ರಲ್ಲಿ, ವರ್ಣಭೇದ ಮತ್ತು ಪೂರ್ವಗ್ರಹ ಈ ಸಾವಿಗೆ ಒಂದು ಕಾರಣ ಅಂತ ಬರೆದರು. ಒಂದು ಹಣೆಪಟ್ಟಿಯಿಂದ ಶುರುವಾದದ್ದು ಅಲ್ಲಿಗೆ ಹೋಗಿ ಮುಟ್ಟಿತು.

ಹಾಗಾಗಿ ಹ್ಯಾಂಡೋವರಿನಲ್ಲಿ ಸ್ವಭಾವ ಹೇಳಬೇಡಿ, ಕಂಡದ್ದು ಹೇಳಿ. "ಜಗಳಗಂಟಿ" ಬೇಡ. "ನಾಲ್ಕು ಗಂಟೆಯಿಂದ ನೋವು ಅನ್ನುತ್ತಿದ್ದಾರೆ, ಆರಕ್ಕೆ ಒಂದು ಮಾತ್ರೆ ಕೊಟ್ಟೆವು, ಕಡಿಮೆಯಾಗಿಲ್ಲ" ಸಾಕು. "ಮಾತ್ರೆ ತಗೋಳ್ಳಲ್ಲ" ಅಂತ ಬರೆಯುವ ಮುಂಚೆ ಯಾಕೆ ಅಂತ ಒಂದು ಸಲ ಕೇಳಿ. ಹೇಗೆ ತೆಗೆದುಕೊಳ್ಳಬೇಕು ಅಂತ ಅವರಿಗೆ ತಿಳಿಯುವ ಭಾಷೆಯಲ್ಲಿ ಯಾರೂ ಹೇಳಿರದೇ ಇರಬಹುದು. ಭಾಷೆ ಬೇರೆಯಾದರೆ ತರಬೇತಿ ಇರುವ ದುಭಾಷಿಯನ್ನು ಕರೆಸಿ, ಇಲ್ಲದಿದ್ದರೆ ಫೋನಿನಲ್ಲಾದರೂ. ಹತ್ತು ವರ್ಷದ ಮಗಳ ಬಾಯಿಂದ ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಿಸಬೇಡಿ. ದುಭಾಷಿ ಇದ್ದಾಗಲೂ ರೋಗಿಯ ಮುಖ ನೋಡಿ ಮಾತಾಡಿ.

ಜೊತೆಯವರು ತಪ್ಪು ಮಾತಾಡಿದರೆ, ರೋಗಿಯೇ ತಪ್ಪು ಮಾತಾಡಿದರೆ

ಎದುರಿಗೇ ಯಾರಾದರೂ ಬಣ್ಣದ ಮಾತಾಡಿದಾಗ ನಾಲಿಗೆ ಒಣಗುತ್ತದೆ. ನನಗೂ ಹಾಗಾಗಿದೆ. ಆದ್ದರಿಂದ ಒಂದು ವಾಕ್ಯ ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ. ನನ್ನದು ಇದು: "ಆ ಮಾತು ಬೇಡ, ಅವರಿಗೆ ಈಗ ಏನು ಬೇಕು ಅಂತ ನೋಡೋಣ." ದೊಡ್ಡ ಡಾಕ್ಟರ್ ಆದರೆ ಪ್ರಶ್ನೆಯಾಗಿ ಕೇಳಿ: "ಸರ್, ಬೇರೆ ರೋಗಿಗೂ ಇದೇ ಡೋಸ್ ಕೊಡ್ತಿದ್ವಾ?" ಆಮೇಲೆ ಆ ರೋಗಿಯ ಹತ್ತಿರ ಹೋಗಿ. ಅದನ್ನು ನಾವು ಮರೆಯುತ್ತೇವೆ. "ಆ ಮಾತು ನಾನೂ ಕೇಳಿಸಿಕೊಂಡೆ, ಅದು ತಪ್ಪು" ಅಂತ ಒಬ್ಬರು ಹೇಳಿದರೆ ಅವರು ಒಬ್ಬಂಟಿ ಆಗೋದಿಲ್ಲ.

ಇನ್ನು "ಈ ಬಣ್ಣದ ನರ್ಸ್ ನನ್ನನ್ನು ಮುಟ್ಟಬಾರದು" ಅನ್ನುವ ರೋಗಿಗಳಿದ್ದಾರೆ. ಜೀವಕ್ಕೆ ಅಪಾಯ ಇದ್ದರೆ ಮೊದಲು ಚಿಕಿತ್ಸೆ, ಮಾತು ಆಮೇಲೆ. ಅಪಾಯ ಇಲ್ಲದಿದ್ದರೆ ಉತ್ತರ ಕೊಡಬೇಕಾದವರು ಆ ನರ್ಸ್ ಅಲ್ಲ, ವಾರ್ಡಿನ ಮುಖ್ಯಸ್ಥರು: "ಇವರು ನಮ್ಮ ಸಿಬ್ಬಂದಿ, ಇವರೇ ನೋಡಿಕೊಳ್ಳುತ್ತಾರೆ." ಗಲಾಟೆ ಬೇಡ ಅಂತ ಸದ್ದಿಲ್ಲದೆ ಡ್ಯೂಟಿ ಬದಲಿಸಿಬಿಡುವುದು ಅನುಕೂಲ ಅನ್ನಿಸುತ್ತದೆ. ಆದರೆ ಆ ನರ್ಸ್ ಮನೆಗೆ ಹೋಗಿ ಏನು ಯೋಚಿಸುತ್ತಾಳೆ ಅಂತ ಒಂದು ಸಲ ನೆನೆಯಿರಿ. ಅವಳನ್ನು ಕೇಳದೆ ಬದಲಿಸಬೇಡಿ. ಘಟನೆಯನ್ನು ಬರೆದಿಡಿ, ಬಿದ್ದು ಪೆಟ್ಟಾದರೆ ಬರೆಯುವುದಿಲ್ಲವೇ, ಹಾಗೇ.

ದೂರು ಕೊಡುವುದು

ಅವತ್ತೇ ಬರೆಯಿರಿ, ನಾಳೆಗೆ ನೆನಪು ಮಸುಕಾಗುತ್ತದೆ. ದಿನ, ಗಂಟೆ, ಜಾಗ, ಆಡಿದ ಮಾತು ಇದ್ದ ಹಾಗೇ, ಯಾರಿದ್ದರು, ಅದರಿಂದ ಏನು ತಪ್ಪಿತು. "ಅವರು ವರ್ಣಭೇದಿಗಳು" ಅಂತ ಶುರು ಮಾಡಿದರೆ ಓದುವವರು ತಮ್ಮವರನ್ನು ಕಾಪಾಡಲು ನಿಲ್ಲುತ್ತಾರೆ. "ನನಗೆ ಎರಡು ಗಂಟೆ ನೋವಿನ ಔಷಧಿ ಸಿಗಲಿಲ್ಲ, ಕೇಳಿದಾಗ ಹೀಗಂದರು" ಅಂತ ಶುರು ಮಾಡಿ, ವರ್ಣಭೇದ ಅನ್ನುವ ಪದ ಆಮೇಲೆ ಬರಲಿ. ಆದರೆ ಬರಲೇಬೇಕು, ಸಂಕೋಚದಿಂದ ಬಿಡಬೇಡಿ, ಯಾಕೆಂದರೆ ಬರೆಯದಿದ್ದರೆ ಅದು "ತಡವಾದ ಸೇವೆ" ಅನ್ನುವ ಲೆಕ್ಕಕ್ಕೆ ಸೇರಿಬಿಡುತ್ತದೆ.

ಏನು ಬೇಕು ಅಂತ ಸ್ಪಷ್ಟವಾಗಿ ಕೇಳಿ: ಕ್ಷಮೆಯಾ, ವಿವರಣೆಯಾ, ನಿಯಮ ಬದಲಾಗಬೇಕಾ. ನಿಮ್ಮ ಫೈಲಿನ ಪ್ರತಿ ಕೇಳಿ. ಬ್ರಿಟನ್ ಮತ್ತು ಯುರೋಪಿನ ದೇಶಗಳಲ್ಲಿ ಅದು ನಿಮ್ಮ ಹಕ್ಕು, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ದೂರಿಗೆ ಗಡುವು ಇರುತ್ತದೆ, ಮೊದಲೇ ವಿಚಾರಿಸಿ. ಆಸ್ಪತ್ರೆ ಕೇಳದಿದ್ದರೆ ಕಾನೂನಿನ ದಾರಿ ಇದೆ. ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆ, ಅಮೆರಿಕದಲ್ಲಿ 1964ರ ನಾಗರಿಕ ಹಕ್ಕು ಕಾಯ್ದೆ, ಆಸ್ಟ್ರೇಲಿಯಾದಲ್ಲಿ 1975ರ ಜನಾಂಗ ತಾರತಮ್ಯ ಕಾಯ್ದೆ. ಇವುಗಳ ಜೊತೆಗೆ ವಿಶ್ವಸಂಸ್ಥೆಯ 1965ರ ಒಪ್ಪಂದ ಇದೆ, ಅದರ 5ನೇ ವಿಧಿ ಬಣ್ಣ, ಜನಾಂಗದ ಭೇದವಿಲ್ಲದೆ ವೈದ್ಯಕೀಯ ಆರೈಕೆಯ ಹಕ್ಕನ್ನು ಹೆಸರಿಸಿಯೇ ಹೇಳುತ್ತದೆ.

ಆಸ್ಪತ್ರೆ ನಡೆಸುವವರಾಗಿದ್ದರೆ, ಲೆಕ್ಕ ಇಡಿ

ಒಂದು ದಿನದ ತರಬೇತಿ ಕೊಟ್ಟು ಗೋಡೆಗೆ ಪೋಸ್ಟರ್ ಅಂಟಿಸಿದರೆ ಸಾಲದು. ಎಮರ್ಜೆನ್ಸಿಯಲ್ಲಿ ಕಾದ ಹೊತ್ತು, ನೋವಿನ ಔಷಧಿ ಸಿಕ್ಕ ಹೊತ್ತು, ಹೆರಿಗೆಯಲ್ಲಾದ ತೊಡಕು, ಬಂದ ದೂರು, ಇಷ್ಟನ್ನೂ ಜನಾಂಗವಾರು ಬಿಡಿಸಿ ನೋಡಿ. ಬಿಡಿಸಿ ನೋಡಿದ್ದರಿಂದಲೇ ಬ್ರಿಟನ್ನಿಗೆ ಗೊತ್ತಾಯಿತು, 2019ರಿಂದ 2021ರ ಅವಧಿಯಲ್ಲಿ ಅಲ್ಲಿ ಗರ್ಭಿಣಿ ಬಾಣಂತಿಯರ ಸಾವಿನ ಪ್ರಮಾಣ ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ನಾಲ್ಕು ಪಟ್ಟು ಇತ್ತು ಅಂತ. ಸಿಬ್ಬಂದಿಯ ಲೆಕ್ಕವೂ ಬೇಕು. ಯಾರಿಗೆ ಬಡ್ತಿ ಸಿಗುತ್ತದೆ, ಯಾರ ಮೇಲೆ ಶಿಸ್ತು ಕ್ರಮ ಆಗುತ್ತದೆ ಎಂಬುದನ್ನು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2015ರಿಂದ ಲೆಕ್ಕ ಇಡುತ್ತಿದೆ.

ಕಂಪ್ಯೂಟರ್ ಹೇಳಿದ್ದನ್ನು ಹಾಗೇ ನಂಬಬೇಡಿ. ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಅಂತ ಆರಿಸಲು ಅಮೆರಿಕದಲ್ಲಿ ಬಳಸುತ್ತಿದ್ದ ಒಂದು ಸಾಫ್ಟ್‌ವೇರನ್ನು 2019ರಲ್ಲಿ ಸಂಶೋಧಕರು ಪರೀಕ್ಷಿಸಿದರು. ಅದು ಕಾಯಿಲೆಯನ್ನು ಅಳೆಯುತ್ತಿರಲಿಲ್ಲ, ರೋಗಿಯ ಮೇಲೆ ಆಗುವ ಖರ್ಚನ್ನು ಅಂದಾಜು ಮಾಡುತ್ತಿತ್ತು. ಕಪ್ಪು ರೋಗಿಗಳಿಗೆ ಮೊದಲಿನಿಂದಲೂ ಕಡಿಮೆ ಖರ್ಚು ಮಾಡಿದ್ದರಿಂದ ಅವರು "ಆರೋಗ್ಯವಂತರು" ಅಂತ ಬಂದರು. ಆ ತಪ್ಪು ತಿದ್ದಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವ ಕಪ್ಪು ರೋಗಿಗಳ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತಿತ್ತು. ಹೊಸ ಯಂತ್ರ, ಹೊಸ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಮಾರುವವರನ್ನು ಕೇಳಿ: ಯಾರ ಮೇಲೆ ಪರೀಕ್ಷೆ ಮಾಡಿದ್ದೀರಿ? ಕಪ್ಪು ಚರ್ಮದವರು ಎಷ್ಟು ಜನ ಇದ್ದರು?

"ಇದೆಲ್ಲ ತಲೆಮಾರುಗಳ ಕೆಲಸ, ನಿಧಾನಕ್ಕೆ ಆಗುತ್ತೆ" ಅನ್ನುವವರಿಗೆ ನಾನು 1966ನ್ನು ನೆನಪಿಸುತ್ತೇನೆ. ಅಮೆರಿಕದಲ್ಲಿ ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, ಮೆಡಿಕೇರ್, ಶುರುವಾದಾಗ, ಕಪ್ಪು ಬಿಳಿ ವಾರ್ಡು ಬೇರೆ ಮಾಡಿದ ಆಸ್ಪತ್ರೆಗೆ ಈ ಹಣ ಇಲ್ಲ ಅಂತ ಸರ್ಕಾರ ಹೇಳಿತು. ನಾಲ್ಕು ತಿಂಗಳೊಳಗೆ ಸಾವಿರಕ್ಕೂ ಜಾಸ್ತಿ ಆಸ್ಪತ್ರೆಗಳು ವಾರ್ಡುಗಳನ್ನು ಒಂದು ಮಾಡಿದವು.

ಕೊನೆಗೆ ರೋಗಿಯನ್ನೇ ಕೇಳಿ. ನ್ಯೂಜಿಲೆಂಡಿನಲ್ಲಿ ಮಾವೋರಿ ನರ್ಸ್ ಇರಿಹಪೇಟಿ ರಾಮ್ಸ್‌ಡೆನ್ ಕಟ್ಟಿದ ಒಂದು ಪಾಠವನ್ನು 1992ರಿಂದ ನರ್ಸಿಂಗ್ ಓದುವವರೆಲ್ಲ ಕಲಿಯುತ್ತಾರೆ. ಆರೈಕೆ ಸರಿಯಾಗಿತ್ತಾ, ತಾನು ಅಲ್ಲಿ ಸುರಕ್ಷಿತವಾಗಿದ್ದೆನಾ ಅಂತ ತೀರ್ಮಾನಿಸುವವರು ಆರೈಕೆ ಪಡೆದವರು, ಕೊಟ್ಟವರಲ್ಲ. ನಮ್ಮ ವಾರ್ಡಿನ ಹ್ಯಾಂಡೋವರ್ ಕಾಗದದಲ್ಲಿ, ಆ ರಾತ್ರಿಯ ಮೇಲೆ ನಾವು ಒಂದು ಖಾನೆ ಸೇರಿಸಿದೆವು: "ರೋಗಿ ಏನು ಹೇಳಿದರು, ಅವರದೇ ಮಾತಿನಲ್ಲಿ." ಆಕ್ಸಿಮೀಟರಿನ ಅಂಕಿ ಬರೆಯುವ ಖಾನೆ ಅದರ ಕೆಳಗಿದೆ.